ತೇಪೆ ಹಾಕಿದ ಒಂಟಿ ದೋಣಿ

ಕೆಲವರ ಮನೆಗೆ ಹಾವು ಬರುತ್ತದೆ, ಕೆಲವರ ಮನೆಗೆ ನೆಂಟರು ಬರುತ್ತಾರೆ, ನನ್ನ ಮನೆಗೆ ಸಲಹೆ ಬರುತ್ತದೆ. ಒಂಟಿ ಹೆಂಗಸು ಏನನ್ನೋ ಕೊಳ್ಳಲು ಹೊರಟಿದ್ದಾಳೆಂದು ಗೊತ್ತಾದರೆ ಸಾಕು, ಅದರ ಗುಣಾವಗುಣ ಬಲ್ಲವರು ಎಲ್ಲೆಲ್ಲಿಂದಲೋ ಎದ್ದು ಬರುತ್ತಾರೆ. ರಂಗೂನಿನಲ್ಲಿ ಛತ್ರಿ ಕೊಂಡಾಗಲೂ ಹೀಗಾಗಿತ್ತು, ಮೊಂಬಾಸಾದಲ್ಲಿ ಗಡಿಯಾರ ಕೊಂಡಾಗಲೂ ಆಗಿತ್ತು. ಆದರೆ ನಮ್ಮ ಕೊಡಗಿನಲ್ಲಿ ದೋಣಿ ಕೊಳ್ಳಲು ಹೋಗಿ ಪಟ್ಟ ಫಜೀತಿಗೆ ಅವೆಲ್ಲ ಮುನ್ನುಡಿಯೂ ಅಲ್ಲ.

೧. ಎರಡನೆಯವರು ಎಲ್ಲಿ ಕೂರುವುದು?

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನರ್ಸ್ ಕೆಲಸ ಮಾಡುತ್ತ ದೇಶ ದೇಶ ಸುತ್ತಿ ಬಂದಿದ್ದ ನಾನು ದುಬಾರೆಗೆ ಹತ್ತಿರದ ಒಂದು ಕಾಫಿ ಎಸ್ಟೇಟಿನ ಔಷಧಾಲಯ ನೋಡಿಕೊಳ್ಳುತ್ತಿದ್ದೆ. ಕಾವೇರಿಯ ದಂಡೆಯಲ್ಲಿ ಎರಡು ಕೋಣೆಯ ಮನೆ. ಹಗಲೆಲ್ಲ ಕೂಲಿ ಲೈನಿನವರ ಕೆಮ್ಮು, ಜ್ವರ, ಕತ್ತಿ ತಾಗಿದ ಕಾಲು. ಸಂಜೆಯಾದರೆ ನಾನು ಮತ್ತು ಹೊಳೆ. ಇಬ್ಬರಲ್ಲಿ ಮಾತು ಜಾಸ್ತಿ ಹೊಳೆಯದ್ದೇ.

ಎಸ್ಟೇಟಿನ ಬಿಳಿ ದೊರೆ ತೋಟ ಮಾರಿ ತಮ್ಮ ದೇಶಕ್ಕೆ ಹೊರಟಿದ್ದರು. ಬಂಗಲೆಯ ಸಾಮಾನೆಲ್ಲ ಮಾರಾಟಕ್ಕಿತ್ತು. ಶೆಡ್ಡಿನ ಮಾಡಿನಿಂದ ತೂಗಾಡುತ್ತಿದ್ದ ದೋಣಿಯೊಂದು ನನ್ನ ಕಣ್ಣಿಗೆ ಬಿತ್ತು. ಅದಕ್ಕೆ ಕಯಾಕ್ ಎಂದು ಹೆಸರಂತೆ. ಹಾಗಲಕಾಯಿಯ ಹಾಗೆ ಎರಡೂ ತುದಿ ಚೂಪು, ಮರದ ಎಲುಬಿನ ಮೇಲೆ ಕ್ಯಾನ್ವಾಸಿನ ಚರ್ಮ, ಮೇಲುಗಡೆಯೂ ಮುಚ್ಚಿದ್ದು, ನಡುವೆ ಒಬ್ಬರು ಸೊಂಟದವರೆಗೆ ಇಳಿದು ಕೂರುವಷ್ಟು ತೂತು. ಹೊಟ್ಟೆಯ ಕೆಳಗೆ ತಟ್ಟೆಯಗಲದ ತೇಪೆ, ಅದರ ಮೇಲೆ ಟಾರು. ಬಂಡೆಗೆ ಬಡಿದು ಹರಿದಿತ್ತು, ರಿಪೇರಿ ಮಾಡಿಸಿದ್ದೇನೆ, ಈಗ ಇಡೀ ದೋಣಿಯಲ್ಲಿ ನಂಬಬಹುದಾದ ಜಾಗ ಅದೊಂದೇ ಎಂದು ದೊರೆ ಪ್ರಾಮಾಣಿಕವಾಗಿ ಹೇಳಿದರು.

ನೋಡಿದ ಕೂಡಲೇ ಬೇಕೆನಿಸಿತು, ಜೊತೆಗೆ ಭಯವೂ ಆಯಿತು. ಮುಳುಗುವ ಭಯವಲ್ಲ. ಸಿಂಗಪುರದ ಒಂದು ಆಸ್ಪತ್ರೆ ನನ್ನನ್ನು ಕೆಲಸಕ್ಕೆ ಕರೆದಿತ್ತು, ನಾನು ಇನ್ನೂ ಹೂಂ ಅಂದಿರಲಿಲ್ಲ. ಅದುವರೆಗೆ ನಾನು ಕೊಂಡದ್ದೆಲ್ಲ ಹಡಗು ಹತ್ತಿಸಬಹುದಾದ ಸಾಮಾನು. ದೋಣಿ ಕೊಂಡವಳು ಆ ಹೊಳೆಯ ಬಳಿ ಉಳಿಯಬೇಕು. ಉಳಿದು ಯಾರಿಗಾಗಿ, ಎಂಬುದು ನನಗೆ ನಾನೇ ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆ.

ಅದನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೇಳಿದರು. ಪುತ್ತೂರು ಕಡೆಯವರು, ಮೃದು ಮನುಷ್ಯ. ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಆ ತೂತಿನೊಳಗೆ ಇಣುಕಿ, "ಅಲ್ಲ ಸಿಸ್ಟರ್, ಎರಡನೆಯವರು ಎಲ್ಲಿ ಕೂರುದು?" ಎಂದರು. ಎರಡನೆಯವರು ಇಲ್ಲ ಎಂದೆ. ಅವರು ಮತ್ತೊಮ್ಮೆ ತೂತಿನೊಳಗೆ ಇಣುಕಿ, ನನಗೆ ನೋವಾಗದ ಹಾಗೆ ಸಮಾಧಾನ ಹೇಳಿದರು: "ಹಾಗಾದ್ರೆ ಊಟದ ಬುತ್ತಿ ಇಡ್ಲಿಕ್ಕೆ ಧಾರಾಳ ಜಾಗ ಉಂಟು."

೨. ಸುಳಿ ಸರಿಯಿಲ್ಲ

ಗುಡ್ಡದ ಮೇಲಿನ ಮನೆಯಲ್ಲಿ ನನ್ನ ಸೋದರತ್ತೆ ಇದ್ದರು. ನಮ್ಮ ಅರೆಭಾಷೆಯಲ್ಲಿ ಹುಡುಗಿಯನ್ನು ಗೂಡೆ ಎನ್ನುತ್ತಾರೆ. ತಲೆ ನರೆತ ನನ್ನನ್ನು ಹಾಗೆ ಕರೆಯಲು ಭೂಮಿಯ ಮೇಲೆ ಉಳಿದಿದ್ದವರು ಅವರೊಬ್ಬರೇ. ಕರೆಯುತ್ತಿದ್ದದ್ದು ಬೈಯಲಿಕ್ಕೆ. ಹಳೇ ಸಾಮಾನನ್ನು ಪರೀಕ್ಷೆ ಮಾಡಿಸದೆ ಕೊಳ್ಳಬಾರದೆಂದು ಅವರು ತಮಗೆ ಗೊತ್ತಿದ್ದ ಅತ್ಯಂತ ದೊಡ್ಡ ಪರೀಕ್ಷಕನನ್ನು ಕರೆಸಿದರು. ಆತ ಕೊಡ್ಲಿಪೇಟೆ ಕಡೆಯ ದನದ ದಲ್ಲಾಳಿ.

ದಲ್ಲಾಳಿ ದೋಣಿಯನ್ನು ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ, ಬೆನ್ನು ಸವರಿದ, ಪಕ್ಕೆಗೆ ಮೆಲ್ಲಗೆ ಗುದ್ದಿದ. ಎಷ್ಟು ಪ್ರಾಯ ಎಂದು ದೊರೆಯನ್ನು ಕೇಳಿದ. ಇಷ್ಟು ದಿನ ಸಾಕಿ ಈಗ ಯಾಕೆ ಕೊಡುತ್ತಿದ್ದೀರಿ, ಹಾಯುತ್ತದಾ ಎಂದೂ ಕೇಳಿದ. ಕೊನೆಗೆ ತೇಪೆಯನ್ನು ಕಂಡು ಮುಖ ಸಣ್ಣ ಮಾಡಿದ. ಹೊಟ್ಟೆಯ ಕೆಳಗೆ ಎಡಕ್ಕೆ ಇಂಥ ಸುಳಿ ಇರುವ ಹೋರಿಯನ್ನು ಕಟ್ಟಿಕೊಂಡ ಮನೆ ಉದ್ಧಾರವಾದದ್ದಿಲ್ಲ ಎಂದ. ಬಲಕ್ಕಿದ್ದರೆ ಅಡ್ಡಿಯಿರಲಿಲ್ಲವಂತೆ. ದೋಣಿಯನ್ನು ಆ ಕಡೆಯಿಂದ ನೋಡಿದರೆ ಅದು ಬಲವೇ ಆಗುತ್ತದೆ ಎಂದು ನಾನು ಹೇಳಿದೆ. ಆತ ಆ ಕಡೆಗೆ ಹೋಗಿ ನಿಂತು ನೋಡಿ, ತುಸು ಸಮಾಧಾನಪಟ್ಟ.

ಆಮೇಲೆ ವ್ಯಾಪಾರ. ಜಾತ್ರೆಯಲ್ಲಿ ಮಾಡುವ ಹಾಗೆ ಹೆಗಲ ಟವೆಲನ್ನು ಅಂಗೈ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳಲು ದೊರೆಯತ್ತ ಕೈ ಚಾಚಿದ. ದೊರೆ ಪಾಪ, ಇದು ನಮ್ಮ ಕಡೆ ಬೀಳ್ಕೊಡುವ ಕ್ರಮ ಎಂದುಕೊಂಡರು. ಟವೆಲಿನೊಳಗೆ ಕೈ ತೂರಿಸಿ, ಅವನ ಬೆರಳನ್ನೆಲ್ಲ ಹಿಡಿದು, ಕಣ್ಣು ತುಂಬಿಕೊಂಡು ಕುಲುಕಿದರು. ಬಿಡಲೇ ಇಲ್ಲ. ಕುಲುಕಿದಷ್ಟೂ ದರ ಏರುತ್ತ ಹೋಯಿತು.

ಕೈ ಬಿಡಿಸಿಕೊಂಡು ಬಂದ ದಲ್ಲಾಳಿ ನನ್ನನ್ನು ಪಕ್ಕಕ್ಕೆ ಕರೆದ. "ಬ್ಯಾಡ ಕಣವ್ವ. ಅವ್ರು ಕೇಳೋ ಬೆಲೆಗೆ ಒಂದು ಜೊತೆ ಹೋರಿ ಬತ್ತವೆ. ಅವೂ ಈಜ್ತವೆ."

೩. ಕಾನೂನಿನ ಪ್ರಕಾರ

ದೋಣಿಗೆ ಪರವಾನಗಿ ಬೇಕಾಗಬಹುದು ಎಂದು ರೈಟರಿಗೆ ದಿಗಿಲು. ಮಡಿಕೇರಿಗೆ ಹೋದಾಗ ಕಚೇರಿಯೊಂದರಲ್ಲಿ ವಿಚಾರಿಸಿದೆ. ಅಲ್ಲಿದ್ದ ಹಳೆಯ ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಹಳೆ ಕೊಡಗಿನ ಕಾನೂನಿನಲ್ಲಿ ಏನೋ ಇತ್ತು, ಆದರೆ ಆ ಕಾನೂನು ಈಗ ಇದೆಯೋ ಇಲ್ಲವೋ ತಿಳಿಯದು. ಮೈಸೂರಿನ ಕಾನೂನಿನಲ್ಲೂ ಏನೋ ಇರಬೇಕು, ಆದರೆ ಅದು ಇಲ್ಲಿಗೆ ಇನ್ನೂ ಬಂದು ತಲುಪಿಲ್ಲ ಎಂದರು. ಹಾಗಾದರೆ ನಾನೇನು ಮಾಡಬೇಕು ಎಂದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು: "ಅದು ಬರೋದರೊಳಗೆ ತೇಲಿಬಿಡಿ."

೪. ಹರಿಗೋಲಿನವರ ತೀರ್ಮಾನ

ಕಡವಿನಲ್ಲಿ ಜನರನ್ನು ದಾಟಿಸುತ್ತಿದ್ದ ಹರಿಗೋಲಿನ ಮುದುಕರೊಬ್ಬರು ಈ ಒಂಟಿ ದೋಣಿಯ ಸುದ್ದಿಯನ್ನು ಮೊದಲಿಗೆ ನಂಬಲಿಲ್ಲ. ದೋಣಿ ಎಂದರೆ ಆಚೆ ದಡದವರನ್ನು ಈಚೆಗೆ ತರುವುದು. ಯಾರನ್ನೂ ತರದ, ಯಾರನ್ನೂ ಒಯ್ಯದ ದೋಣಿಯಲ್ಲಿ ಕೂತು ಮಾಡುವುದೇನು? ಸುಮ್ಮನೆ ಹೋಗಿ ಸುಮ್ಮನೆ ಬರುವುದು ಎಂದೆ. ಅದಕ್ಕೆ ನೀರು ಯಾಕೆ ಬೇಕು, ದಾರಿ ಸಾಲದೇ ಎಂದರು.

ತಾವು ಸಂಜೆ ಕೊನೆಯ ಸರದಿಗೆ ಬರಿ ಹರಿಗೋಲಿನಲ್ಲಿ ವಾಪಸಾಗುವುದೇ ಇಲ್ಲವಂತೆ. ದಡದಲ್ಲಿ ಯಾರಾದರೂ ಸಿಕ್ಕರೆ ಪುಕ್ಕಟೆಯಾಗಿಯಾದರೂ ಕೂರಿಸಿಕೊಳ್ಳುತ್ತಾರೆ. ಯಾರೂ ಇಲ್ಲದಿದ್ದರೆ ಒಂದು ಕಲ್ಲನ್ನಾದರೂ ಎದುರಿಗೆ ಇಡುತ್ತಾರೆ. ಒಬ್ಬರೇ ಒಂದು ಮಗ್ಗುಲಿಗೆ ಕೂತರೆ ಹರಿಗೋಲು ನೆಟ್ಟಗೆ ಹೋಗುವುದಿಲ್ಲ, ಗಿರಗಿರ ಸುತ್ತುತ್ತದೆ.

ನಾನು ರಂಗೂನು, ಕೈರೋ, ಮೊಂಬಾಸಾ ಎಲ್ಲ ಕಂಡು ಬಂದವಳೆಂದು ಅವರಿಗೆ ಯಾರೋ ಹೇಳಿದ್ದರು. ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ಕನಿಕರದಿಂದ ನೋಡಿದರು. "ಅದಕ್ಕೇ ಇರಬೇಕು ತಾಯಿ, ನೀವು ಅಷ್ಟು ಸುತ್ತಿದ್ದು."

ನಕ್ಕೆ. ಮನೆಗೆ ಬಂದ ಮೇಲೆ ಅಷ್ಟಾಗಿ ನಗು ಬರಲಿಲ್ಲ. ಮರುದಿನ ಸಿಂಗಪುರಕ್ಕೆ ಒಪ್ಪಿಗೆ ಬರೆಯುವುದೇ ಸರಿ ಎನಿಸಿತು. ಆದರೂ ಒಂದು ಸಲ ನೀರಿಗಿಳಿಸಿ ನೋಡಿಬಿಡೋಣ ಎಂದು ದೊರೆಯನ್ನು ಕೇಳಿದೆ.

೫. ಜೋಡಿ ಗುಂಡು

ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ನಡೆಯುತ್ತಿದ್ದ ಕಾಲ. ನನ್ನ ಕಾವಲಿಗೆ ಪಕ್ಕದ ತೋಟದ ಸುಬೇದಾರರು ಬಂದರು. ಪಟಾಲಮ್ಮಿನಿಂದ ನಿವೃತ್ತರಾದವರು, ಕೋವಿಯಿಲ್ಲದೆ ಹಲ್ಲುಜ್ಜಲೂ ಹೋಗದವರು. ಆಚೆ ದಡದಲ್ಲಿ ಆನೆ ನೀರಿಗಿಳಿದರೆ ಒಂದು ಗುಂಡು ಹಾರಿಸುತ್ತೇನೆ, ಕೂಡಲೇ ದಡಕ್ಕೆ ಬಾ ಎಂದು ಅಪ್ಪಣೆಯಾಯಿತು.

ತೇಪೆ ಹನಿ ನೀರನ್ನೂ ಒಳಗೆ ಬಿಡಲಿಲ್ಲ. ಒಂದಿಷ್ಟು ಹೊತ್ತು ನಾನು ಹೊಳೆಯ ಮೈಮೇಲೆ ಜಾರುತ್ತ ಹೋದೆ. ನನಗೆ ಯಾರೂ ಇಲ್ಲ ಎಂಬುದು ಅಷ್ಟು ಹಗುರವಾಗಿ ಅದುವರೆಗೆ ಎಂದೂ ಕಂಡಿರಲಿಲ್ಲ. ಅಷ್ಟರಲ್ಲಿ ಗುಂಡಿನ ಸದ್ದು. ಆಚೆ ದಡದಲ್ಲಿ ನಿಜಕ್ಕೂ ಆನೆ ನಿಂತಿತ್ತು. ನಾನು ತಿರುಗಬೇಕೆಂದಿದ್ದೆ, ಆದರೆ ತಿರುಗಿಸುವುದನ್ನು ಇನ್ನೂ ಕಲಿತಿರಲಿಲ್ಲ. ನಾನು ಮುಂದಕ್ಕೇ ಹೋಗುವುದನ್ನು ಕಂಡು ಗಾಬರಿಬಿದ್ದ ಸುಬೇದಾರರು ಇನ್ನೊಂದು ಹಾರಿಸಿದರು. ಆನೆ ಬೇಸರದಿಂದ ಕಾಡಿಗೆ ಹೋಯಿತು. ನನ್ನನ್ನು ಸೆಳವು ತಿರುವಿನಾಚೆಗೆ ಒಯ್ದು ಕೆಳಗಿನ ಕಡವಿನಲ್ಲಿ ಮರಳಿಗೆ ಹತ್ತಿಸಿತು.

ಕೊಡಗಿನಲ್ಲಿ ಒಂದರ ಹಿಂದೆ ಒಂದು ಜೋಡಿ ಗುಂಡು ಕೇಳಿದರೆ ಅದಕ್ಕೆ ಒಂದೇ ಅರ್ಥ, ಅದು ಹಾರಿದ ಮನೆಯಲ್ಲಿ ಸಾವಾಗಿದೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಿಳಿ ಬಟ್ಟೆಯುಟ್ಟು ಹೊರಡಬೇಕು. ಗುಂಡು ಹಾರಿದ್ದು ಹೊಳೆಯ ಕಡೆಯಿಂದ. ತೇಪೆಯ ದೋಣಿಯಲ್ಲಿ ಸಿಸ್ಟರಮ್ಮ ಹೋದದ್ದು ಎಲ್ಲರಿಗೂ ಗೊತ್ತು. ಬೇರೆ ವಿಚಾರಣೆ ಬೇಕಾಗಲಿಲ್ಲ.

ಇತ್ತ ನಾನು ಕೆಳಗಿನ ತೋಟದ ಇಬ್ಬರು ಆಳುಗಳನ್ನು ಕರೆದು ದೋಣಿಯನ್ನು ಅವರ ಹೆಗಲಿಗೇರಿಸಿದೆ. ನೆನೆದ ಬಿಳಿ ಶಾಲನ್ನು ಆರಲೆಂದು ಅದರ ಮೇಲೆ ಹರಡಿ, ಹಿಂದೆ ಹಿಂದೆ ನಡೆದೆ. ನನ್ನ ಅಂಗಳ ತುಂಬ ಜನ. ಪಿಕ್ಕಿಂಗ್ ಬಿಟ್ಟು ಇಡೀ ಲೈನು ಬಂದಿತ್ತು. ಸುಬೇದಾರರು ಕಂಬಕ್ಕೊರಗಿ ಬಿಕ್ಕುತ್ತಿದ್ದರು. ಗುಂಡು ಹಾರಿಸಿದವರು ಅವರೇ. ಆದರೆ ಊರವರು ಅಳುತ್ತ ಬಂದದ್ದನ್ನು ನೋಡಿ, ನಾನು ಮುಳುಗಿದ್ದನ್ನು ಇವರು ಕಂಡೇ ಬಂದಿರಬೇಕೆಂದು ಅವರೂ ಅಳತೊಡಗಿದ್ದರು.

ಬಿಳಿ ಹೊದಿಸಿದ ಉದ್ದನೆಯದೊಂದು ಹೆಗಲ ಮೇಲೆ ಬರುವುದು ಕಂಡದ್ದೇ ಗೋಳು ಮುಗಿಲು ಮುಟ್ಟಿತು. ಹಿಂದೆ ನಡೆದು ಬರುತ್ತಿದ್ದ ನನ್ನನ್ನು ಯಾರೂ ನೋಡಲಿಲ್ಲ. ಅತ್ತೆ ದೋಣಿಯ ಮೇಲೆ ಬಿದ್ದು ಹಾಡಿ ಹಾಡಿ ಅತ್ತರು. ಬಂಗಾರದಂಥ ಗೂಡೆಯಂತೆ. ಹಡಗಿನಿಂದಿಳಿದು ಬಂದ ದಿನ ಕಣ್ತುಂಬ ನೋಡಲಿಲ್ಲವಂತೆ. ದಿನಾ ಸಂಜೆ ನನ್ನ ಮನೆಯ ದೀಪ ಹತ್ತುವುದನ್ನು ಗುಡ್ಡದಿಂದ ನೋಡಿಯೇ ತಾವು ಉಣ್ಣಲು ಕೂರುತ್ತಿದ್ದದ್ದಂತೆ. ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ಮಧ್ಯೆ ಬಾಯಿ ಹಾಕಲು ಮನಸ್ಸೂ ಬರಲಿಲ್ಲ. ನಿಂತು ಕೇಳಿದೆ, ಕೇಳುತ್ತ ಕೇಳುತ್ತ ನಾನೂ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಲೈನಿನ ಹೆಂಗಸು ತಿರುಗಿ ನೋಡದೆಯೇ ತನ್ನ ಸೆರಗಿನ ಚುಂಗನ್ನು ನನಗೆ ಕೊಟ್ಟಳು. ಕಣ್ಣೊರೆಸಿ ಹಿಂದಕ್ಕೆ ಕೊಟ್ಟಾಗ ಮುಖ ನೋಡಿದಳು, ನೋಡಿ ಕೂತುಬಿಟ್ಟಳು.

ಅತ್ತೆ ಎದ್ದು ಬಂದು ಮೊದಲು ನನ್ನ ಕೆನ್ನೆ ಮುಟ್ಟಿದರು, ಆಮೇಲೆ ಅದೇ ಕೆನ್ನೆಗೆ ಬಾರಿಸಿದರು. ರೈಟರು ಕಣ್ಣೊರೆಸಿಕೊಂಡು, ಸಿಸ್ಟರ್ ಬದುಕಿದ್ದು ಸಂತೋಷವೇ, ಆದರೆ ಇವತ್ತಿನ ಪಿಕ್ಕಿಂಗ್ ಹೋಯಿತು ಎಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ನೆರೆಯವರು ಅನ್ನ, ಸಾರು ಹೊತ್ತು ತಂದಿದ್ದರು. ತಂದದ್ದನ್ನು ವಾಪಸು ಒಯ್ಯುವುದು ಅಪಶಕುನ ಎಂದು ಯಾರೋ ಹೇಳಿ, ಎಲ್ಲರೂ ನನ್ನ ಅಂಗಳದಲ್ಲಿ ಸಾಲಾಗಿ ಕೂತು ಉಂಡರು. ಬಡಿಸಿದವಳು ನಾನೇ.

ಎಲ್ಲರೂ ಹೋದ ಮೇಲೆ ಅತ್ತೆಗೆ ಸಿಂಗಪುರದ ವಿಷಯ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಲೇ, "ಹೋಗು ಗೂಡೇ. ನಿನಗಾಗಿ ಅಳುವುದನ್ನು ನಾನು ಅತ್ತಾಗಿದೆ. ಆದರೆ ನನಗಾಗಿ ಅಳಲಿಕ್ಕೆ ಒಬ್ಬಳು ಬೇಕಲ್ಲ, ಅದನ್ನು ಮುಗಿಸಿಕೊಂಡು ಹೋಗು" ಎಂದರು.

ಮರುದಿನವೇ ದೋಣಿ ಕೊಂಡೆ. ಅದಕ್ಕೀಗ ತೇಪೆಯ ಮೇಲೆ ತೇಪೆ ಬಿದ್ದಿದೆ. ಅತ್ತೆ ಮಾತ್ರ ಇನ್ನೂ ಎಲ್ಲೂ ಸೋರುತ್ತಿಲ್ಲ.