ಹಾಸಿಗೆ ಹಿಡಿದ ಹಿಟ್ಟು

ಕಂಡಕ್ಟರ್ ಹೇಳಿದ್ದು ಒಂದೇ ಒಂದು ಸುಳ್ಳು: "ಮನೇಲಿ ಮಾಡಿದ್ದು ಸಾರ್."

ಹಿಂದಿನ ದಿನ ಡಿಪೋದ ಬೆಂಚಿನ ಮೇಲೆ ಕೂತು ಈರುಳ್ಳಿ ಬ್ರೆಡ್ಡು ಮುರಿಯುತ್ತಿದ್ದಾಗ, ಪಾಳಿಪಟ್ಟಿ ಬರೆಯುವ ಸಾಹೇಬರು ಬಂದು, ಕೇಳದೆ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡು, "ಎಲ್ಲಿಂದಯ್ಯ ಇದು?" ಎಂದಿದ್ದರು. ನಿಜ ಹೇಳುವಂತಿರಲಿಲ್ಲ. ನಲವತ್ತು ಜನ ಕೂತಿದ್ದ ಬಸ್ಸನ್ನು ಬೇಕರಿ ಮುಂದೆ ಎರಡು ನಿಮಿಷ ನಿಲ್ಲಿಸಿ ಕೊಂಡಿದ್ದು ಅದು. ಹೇಳಿದ್ದರೆ ಅಲ್ಲೇ ಸಸ್ಪೆಂಡ್.

"ನಾಳೆ ನಿನ್ನ ವಾರದ ರಜೆ ಅಲ್ವಾ? ಸಂಜೆ ನಾಲ್ಕಕ್ಕೆ ಬಿಸಿಬಿಸಿ ಒಂದು ಮಾಡ್ಕೊಂಡ್ ಬಾ. ಹೊಸ ಪಾಳಿಪಟ್ಟಿ ಬರೀತಾ ಕೂತಿರ್ತೀನಿ. ನಿಂದೂ ನೋಡೋಣ."

ಏಳು ವರ್ಷದಿಂದ ಅವನಿಗೆ ಮೊದಲ ಪಾಳಿ. ಮೂರೂವರೆಗೆ ಏಳಬೇಕು. ಪಟ್ಟಿ ಬರೆಯುವವರು ಎಂಟಕ್ಕೆ ಏಳುತ್ತಾರೆ. ಮೂರೂವರೆ ಎನ್ನುವುದು ಅವರ ಪಾಲಿಗೆ ಕಾಗದದ ಮೇಲಿನ ಅಂಕಿ, ಅಷ್ಟೇ. ಮಧ್ಯಾಹ್ನ ಮನೆಗೆ ಬಂದು ಮಲಗೋಣವೆಂದರೆ ಕಟ್ಟಡದ ನಲ್ಲಿ, ಮಿಕ್ಸಿ, ಮಕ್ಕಳು ಎಲ್ಲಕ್ಕೂ ಆಗಲೇ ಜೀವ ಬರುತ್ತದೆ. ಕಂಡಕ್ಟರಿಗೆ ಬೇಕಾಗಿದ್ದು ಬಡ್ತಿಯಲ್ಲ, ಬಹುಮಾನವಲ್ಲ. ಎರಡನೇ ಪಾಳಿ, ಮತ್ತು ಬೆಳಕು ಹರಿಯುವವರೆಗೆ ನಿದ್ದೆ.

ರಜೆಯ ದಿನ ಬೆಳಗ್ಗೆ ಎಂಟು ಗಂಟೆಗೆ ಬೇಕರಿಗೆ ಹೋದ. ಶಟರ್ ಎಳೆದಿತ್ತು. ಬೇಕರಿಯವನಿಗೂ ಅವತ್ತೇ ವಾರದ ರಜೆ.

"ಹಾಗಾದ್ರೆ ಮಾಡಿ," ಎಂದಳು ಹೆಂಡತಿ, ಬಟ್ಟೆ ಹಿಂಡುತ್ತ. "ಮನೇಲಿ ಮಾಡಿದ್ದು ಅಂತ ಹೇಳಿದ್ದು ನಾನಾ?"

ಓವನ್ ಇದ್ದದ್ದು ಮಹಡಿ ಮೇಲಿನ ಟೀಚರಮ್ಮನ ಮನೆಯಲ್ಲಿ ಮಾತ್ರ. ಮದುವೆಗೆ ಬಂದದ್ದು. ಹದಿನೆಂಟು ವರ್ಷದಿಂದ ಅದರ ಪ್ಲಾಸ್ಟಿಕ್ ಕವರ್ ಬಿಚ್ಚಿರಲಿಲ್ಲ. "ಕೊಡ್ತೀನಿ ಕಂಡಕ್ಟರೇ. ಆದ್ರೆ ಅದರ ಜೊತೆ ನಾನೂ ಬರ್ತೀನಿ," ಎಂದರು ಟೀಚರಮ್ಮ. ಓವನ್ ಮೆಟ್ಟಿಲಿಳಿಯುವ ಸದ್ದಿಗೆ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರೂ ಕನ್ನಡಕ ಒರೆಸಿಕೊಂಡು ಒಳಗೆ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಅವರನ್ನು ಯಾರೂ ಯಾವತ್ತೂ ಕರೆದದ್ದಿಲ್ಲ.

"ನೀರು ಸಾಲದು," ಎಂದರು ಟೀಚರಮ್ಮ. ಕಂಡಕ್ಟರ್ ನೀರು ಹಾಕಿದ.

"ಏನಪ್ಪಾ, ಅಂಟು ಕಲಸ್ತಿದ್ದೀಯಾ? ಲಕೋಟೆಗೆ ಹಚ್ಚಬಹುದು. ಹಿಟ್ಟು ಹಾಕು," ಎಂದರು ಪೋಸ್ಟ್‌ಮಾಸ್ಟರು. ಹಿಟ್ಟು ಹಾಕಿದ.

"ಈಗ ಕಲ್ಲಾಯ್ತು. ನೀರು."

"ಅಯ್ಯೋ, ಹಿಟ್ಟು!"

ಹೀಗೆ ಒಬ್ಬರು ನೀರಿನ ಪಕ್ಷ, ಒಬ್ಬರು ಹಿಟ್ಟಿನ ಪಕ್ಷ ಹಿಡಿದು ಜಗಳಾಡಿ, ಒಂದು ಬ್ರೆಡ್ಡಿಗೆಂದು ಕಲಸಿದ್ದು ಆರು ತಿಂಗಳ ಮಗುವಿನಷ್ಟಾಯಿತು. ಮೊದಲ ಟ್ರಿಪ್ಪಿನ ಬಾಗಿಲಿಗೆ ಜನ ಜೋತು ಬೀಳುವಂತೆ ಹಿಟ್ಟು ಅವನ ಹತ್ತೂ ಬೆರಳಿಗೆ ಜೋತುಬಿದ್ದಿತ್ತು.

"ಇನ್ನು ಇದಕ್ಕೆ ರೆಸ್ಟ್ ಬೇಕು," ಎಂದರು ಟೀಚರಮ್ಮ. "ಬೆಚ್ಚಗಿರೋ ಜಾಗದಲ್ಲಿ, ಎರಡು ಗಂಟೆ. ಆಮೇಲೆ ಇನ್ನೊಂದು ಗಂಟೆ."

ಅವತ್ತು ಚಳಿ. ಟೀಚರಮ್ಮ ಅಡುಗೆಮನೆ, ಕಿಟಕಿ, ಕಪಾಟು ಎಲ್ಲ ಮುಟ್ಟಿ ನೋಡಿ ಕೊನೆಗೆ ಕಂಡಕ್ಟರನ ಹಾಸಿಗೆ ಮುಟ್ಟಿದರು. "ಇಲ್ಲಿ! ಎಷ್ಟು ಬೆಚ್ಚಗಿದೆ!"

ಬೆಚ್ಚಗಿರದೆ? ಏಳು ವರ್ಷದ ನಿದ್ದೆ ಅಲ್ಲಿ ಬಾಕಿ ಇತ್ತು.

ಹಿಟ್ಟಿನ ಪಾತ್ರೆಯನ್ನು ಹಾಸಿಗೆಯ ನಟ್ಟನಡುವೆ ಇಟ್ಟು, ಅವನ ಕಂಬಳಿ ಹೊದಿಸಿ, ಅಂಚು ಸಿಕ್ಕಿಸಿದರು. ಹೆಂಡತಿ ಕಿಟಕಿಯ ಪರದೆ ಎಳೆದಳು. ಅವನಿಗಾಗಿ ಯಾವತ್ತೂ ಎಳೆಯದ ಪರದೆ.

"ನಾನೂ ಪಕ್ಕದಲ್ಲಿ ಒಂಚೂರು ಒರಗ್ಲಾ?" ಎಂದು ಕೇಳಿದ.

"ರೀ, ನೀವು ಹೊರಳ್ತೀರಿ. ನಿದ್ದೇಲಿ 'ಮುಂದೆ ಹೋಗಿ, ಮುಂದೆ ಹೋಗಿ' ಅಂತ ತಳ್ತೀರಿ. ಅದು ಕೆಳಗೆ ಬೀಳುತ್ತೆ."

ಹಾಸಿಗೆ ಪಕ್ಕ ಸ್ಟೂಲ್ ಹಾಕಿಕೊಂಡು ಈರುಳ್ಳಿ ಹೆಚ್ಚುತ್ತ ಕೂತ. ಕಣ್ಣಲ್ಲಿ ಧಾರಾಕಾರ ನೀರು. "ಪಾಪ, ಗಂಡಸು ಹೀಗೆ ಅಳಬಾರದಪ್ಪ," ಎಂದು ಪೋಸ್ಟ್‌ಮಾಸ್ಟರು ಬೆನ್ನು ತಟ್ಟಿದರು. ಈರುಳ್ಳಿ ಎಂದು ಹೇಳುವುದಕ್ಕೂ ಅವನಿಗೆ ಸುಸ್ತು. ಅದೂ ಅಲ್ಲದೆ, ಎಲ್ಲ ಈರುಳ್ಳಿಯದೇ ಎಂದು ಆಣೆ ಮಾಡುವ ಧೈರ್ಯವೂ ಇರಲಿಲ್ಲ.

ಎರಡನೇ ಗಂಟೆಯಲ್ಲಿ ರೆಪ್ಪೆ ಮುಚ್ಚಿತು. ಸ್ಟೂಲ್ ಓಲಾಡಿತು. ಹೆಚ್ಚಿದ ಈರುಳ್ಳಿಯ ತಟ್ಟೆ ಸಮೇತ ಕಂಡಕ್ಟರ್ ಹಾಸಿಗೆ ಮೇಲೆ ಉರುಳಿದ. ಕಂಬಳಿ ಸರಿದು, ಮೊಣಕೈ ನೇರ ಪಾತ್ರೆಯೊಳಗೆ. ಉಬ್ಬಿ ನಿಂತಿದ್ದ ಹಿಟ್ಟು "ಉಸ್ಸ್" ಎಂದು ಕುಸಿಯಿತು. ಈರುಳ್ಳಿಯೆಲ್ಲ ಅದರ ಮೇಲೆ.

ಹೆಂಡತಿ ಬಾಯಿ ಮುಚ್ಚಿಕೊಂಡಳು. ಟೀಚರಮ್ಮ ಬಗ್ಗಿ ನೋಡಿದರು. "ಭೇಷ್! ಈಗ ಒಂದು ಸಲ ಗುದ್ದಿ ಗಾಳಿ ತೆಗೀಬೇಕು, ಈರುಳ್ಳಿ ಸೇರಿಸಬೇಕು ಅಂತ ಹೇಳೋಕೇ ಬರ್ತಿದ್ದೆ. ಕೈ ಚೆನ್ನಾಗಿದೆ ಕಂಡಕ್ಟರೇ."

ಹಿಟ್ಟು ಮತ್ತೆ ಮಲಗಿತು. ಅವನು ಮತ್ತೆ ಎದ್ದು ಕೂತ.

ಮೂರು ಗಂಟೆಗೆ ಓವನ್ನಿನಿಂದ ಎರಡು ಬ್ರೆಡ್ಡು ಹೊರಬಂದವು. ಹೊರಮೈ ಕಂದು ಬಣ್ಣಕ್ಕೆ ಬಿರಿದು, ಈರುಳ್ಳಿಯ ಅಂಚು ಕರಿದಂತಾಗಿ, ಮನೆಯೆಲ್ಲ ಘಮಘಮ. "ತಳ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ್ರೆ ಬೆಂದಿದೆ ಅಂತ," ಎಂದರು ಟೀಚರಮ್ಮ. ಕಂಡಕ್ಟರ್ ಎರಡು ಸಲ ಡಬ್ ಡಬ್ ತಟ್ಟಿದ, ಬಾಯಿಂದ ತಾನಾಗಿ "ರೈಟ್!" ಎಂದು ಬಂತು. ಒಂದನ್ನು ನೆರೆಹೊರೆಗೆ ಬಿಟ್ಟು, ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಡಿಪೋಗೆ ಓಡಿದ.

ಸಾಹೇಬರು ಮುರಿದರು. 'ಕಟುಂ' ಎಂದಿತು. ಅಗಿದರು. ಕಣ್ಣು ಮುಚ್ಚಿದರು. ಅರ್ಧ ಬ್ರೆಡ್ಡು ಮುಗಿದ ಮೇಲೆ ತೆರೆದರು.

"ನಿನ್ನೆದು ಇದರ ಮುಂದೆ ಏನೇನೂ ಅಲ್ಲಯ್ಯ! ಎಷ್ಟು ಹೊತ್ತು ಹಿಡೀತು?"

"ಬೆಳಗ್ಗೆಯಿಂದ ಸಾರ್. ಆರು ಗಂಟೆ ಮೇಲಾಯ್ತು."

"ಹೌದಾ?" ಸಾಹೇಬರು ಪಟ್ಟಿ ಹತ್ತಿರಕ್ಕೆ ಎಳೆದುಕೊಂಡರು. ಎರಡನೇ ಪಾಳಿಯ ಕೆಳಗೆ, ಪೆನ್ಸಿಲ್ಲಿನಲ್ಲಿ, ಕಂಡಕ್ಟರನ ನಂಬರು! ಅವನು ಮೇಜಿನ ಮೇಲೆ ಬಗ್ಗಿದ. ಸಾಹೇಬರು ರಬ್ಬರು ತೆಗೆದುಕೊಂಡರು.

"ಒಳ್ಳೇ ಟೈಮಿಗೆ ಹೇಳಿದೆ. ಏಳು ವರ್ಷ ಆಯ್ತಲ್ಲ, ಪಾಪ ಅಂತ ಬದಲಾಯಿಸಿದ್ದೆ. ಎರಡನೇ ಪಾಳಿ ಆದ್ರೆ ರಾತ್ರಿವರೆಗೂ ಡ್ಯೂಟಿ. ಇದನ್ನ ಯಾವಾಗ ಮಾಡ್ತೀಯ? ಮೊದಲ ಪಾಳಿ ಆದ್ರೆ ಮಧ್ಯಾಹ್ನದಿಂದ ಪೂರ್ತಿ ಬಿಡುವು." ಉಜ್ಜಿದರು, ಪುಡಿ ಊದಿದರು, ಮೊದಲ ಪಾಳಿಯ ಕೆಳಗೆ ಪೆನ್ನಿನಲ್ಲಿ ಬರೆದರು. "ವಾರಕ್ಕೆರಡು ಸಾಕು. ಜಾಸ್ತಿ ಶ್ರಮ ಪಡಬೇಡ."

ಕಂಡಕ್ಟರ್ ಲೆಕ್ಕ ಹಾಕಿದ. ಸಸ್ಪೆಂಡ್ ಆದರೂ ಸರಿ, ಕನಿಷ್ಠ ಮನೆಯಲ್ಲಿ ಮಲಗಬಹುದು! "ಸಾರ್, ನನಗೆ ಬ್ರೆಡ್ ಮಾಡೋಕೆ ಬರಲ್ಲ ಸಾರ್. ನಿನ್ನೆದು ಬೇಕರೀದು. ಡ್ಯೂಟೀಲಿ ಬಸ್ ನಿಲ್ಲಿಸಿ ತಗೊಂಡಿದ್ದೆ. ಸಸ್ಪೆಂಡ್ ಮಾಡಿ ಸಾರ್."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಕೈ ಇಟ್ಕೊಂಡು ಬೇಕರಿಗೆ ಹೋಗ್ತೀಯಾ? ಇಷ್ಟೊಂದು ವಿನಯ ಒಳ್ಳೇದಲ್ಲ ಕಣಯ್ಯ. ಹೋಗು, ಮಲಕ್ಕೋ ಹೋಗು. ಬೆಳಗ್ಗೆ ಬೇಗ ಏಳ್ಬೇಕಲ್ಲ."

ಮಲಗು ಎಂದು ಏಳು ವರ್ಷದಲ್ಲಿ ಮೊದಲ ಸಲ ಒಬ್ಬರು ಹೇಳಿದ್ದರು. ಕಾಲೆಳೆದುಕೊಂಡು ಮನೆ ಸೇರಿದ. ಚಪ್ಪಲಿ ಬಿಟ್ಟು ಕೋಣೆಯ ಬಾಗಿಲು ತಳ್ಳಿದ.

ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು.

ಪರದೆ ಎಳೆದಿತ್ತು. ಅವನ ಕಂಬಳಿಯ ಕೆಳಗೆ ಸಾಲಾಗಿ ನಾಲ್ಕು ಉಬ್ಬು.

"ಮೆತ್ತಗೆ ರೀ. ಟೀಚರಮ್ಮಂದು ಎರಡು, ಪೋಸ್ಟ್‌ಮಾಸ್ಟರದು ಒಂದು, ಹಿಂದಿನ ಮನೇದೊಂದು. ನಮ್ಮ ಹಾಸಿಗೇಲಿ ಉಬ್ಬೋ ಹಾಗೆ ಎಲ್ಲೂ ಉಬ್ಬಲ್ವಂತೆ. ಈಗಷ್ಟೇ ಮಲಗಿವೆ."

ಕಂಡಕ್ಟರ್ ಹಾಸಿಗೆಯ ಅಂಚಿಗೆ ಬಗ್ಗಿ, ಕಂಬಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಸ್ವಲ್ಪ ಒಳಗೆ ಸರೀರಿ... ಒಬ್ಬರಿಗೆ ಜಾಗ ಮಾಡಿ..." ಎಂದ.

ಬಸ್ಸಿನಲ್ಲಿ ಹೇಗೋ ಹಾಗೆ, ಯಾರೂ ಸರಿಯಲಿಲ್ಲ.