ಪ್ರತಿನಿಧಿ ಬಾವಿಯಲ್ಲಿ ನೀರಿದೆ

ಪ್ರಾದೇಶಿಕ ಭೂವಿಜ್ಞಾನ, ಖನಿಜ ಮತ್ತು ಜಲಸಂಪನ್ಮೂಲ ಸಂಶೋಧನಾ ಸಂಸ್ಥೆಯ ದಾಖಲೆಗಳ ಪ್ರಕಾರ ಈ ಪ್ರಾಂತ್ಯದ ಅಂತರ್ಜಲವು ಕಳೆದ ಹನ್ನೊಂದು ವರ್ಷಗಳಿಂದ ನೆಲಮಟ್ಟಕ್ಕಿಂತ ಮೂರು ಮೀಟರ್ ಇಪ್ಪತ್ತು ಸೆಂಟಿಮೀಟರ್ ಕೆಳಗಿದೆ. ಬೇಸಿಗೆಯಲ್ಲೂ ಅಷ್ಟೇ, ಮಳೆಗಾಲದಲ್ಲೂ ಅಷ್ಟೇ. ಇಷ್ಟು ಶಿಸ್ತಿನ ಅಂತರ್ಜಲ ಬೇರೆಲ್ಲೂ ಕಂಡುಬಂದಿಲ್ಲವೆಂದು ಸಂಸ್ಥೆಯ ವಾರ್ಷಿಕ ವರದಿ ಪ್ರತಿವರ್ಷವೂ ಹದಿನೇಳನೇ ಪುಟದಲ್ಲಿ ಹೇಳುತ್ತದೆ.

ಹಿಂದೆ ಪ್ರಾಂತ್ಯದ ಉದ್ದಗಲಕ್ಕೂ ನಲವತ್ತೆರಡು ವೀಕ್ಷಣಾ ಬಾವಿಗಳಿದ್ದವು. ತಿಂಗಳಿಗೊಮ್ಮೆ ಜೀಪಿನಲ್ಲಿ ಹೋಗಿ ಅವುಗಳ ನೀರಿನ ಮಟ್ಟ ಅಳೆದು ಬರುತ್ತಿದ್ದರು. ಜೀಪು ರಿಪೇರಿಗೆ ಹೋಯಿತು. ಅದರ ಕಡತ ಇನ್ನೂ ಚಾಲ್ತಿಯಲ್ಲಿದೆ. ಜೀಪು ಬರುವವರೆಗೆ ವಿಜ್ಞಾನ ನಿಲ್ಲಬಾರದೆಂದು ಒಂದು ಸಮಿತಿ ರಚನೆಯಾಗಿ, 'ಒಂದೇ ಆಕಾಶದ ಕೆಳಗಿರುವ ಬಾವಿಗಳ ನಡವಳಿಕೆಯಲ್ಲಿ ಗಣನೀಯ ವ್ಯತ್ಯಾಸ ಇರಲಾರದು' ಎಂದು ತೀರ್ಮಾನಿಸಿತು. ಸಂಸ್ಥೆಯ ಅಂಗಳದಲ್ಲೇ, ನಿರ್ದೇಶಕರ ಕಿಟಕಿಯಿಂದ ಒಂಬತ್ತು ಹೆಜ್ಜೆ ದೂರದಲ್ಲಿದ್ದ ಹಳೆಯ ಬಾವಿಯನ್ನು ಪ್ರತಿನಿಧಿ ಬಾವಿ ಎಂದು ಘೋಷಿಸಲಾಯಿತು. ಉಳಿದ ನಲವತ್ತೆರಡೂ ಬಾವಿಗಳು ಮೌನವಾಗಿ ಒಪ್ಪಿಗೆ ಸೂಚಿಸಿದವೆಂದು ನಡಾವಳಿಯಲ್ಲಿ ದಾಖಲಾಗಿದೆ.

ಈ ಬಾವಿಯನ್ನು ಅಳೆಯುವ ಕೆಲಸ ಸಂಸ್ಥೆಯ ಕಿರಿಯ ಭೂವಿಜ್ಞಾನಿಯದು. ಇಪ್ಪತ್ತಾರು ವರ್ಷದ ಹುಡುಗಿ, ಮಾತು ಕಡಿಮೆ. ಎಷ್ಟು ಕಡಿಮೆಯೆಂದರೆ, ಸಭೆಯ ನಡಾವಳಿಯಲ್ಲಿ ಅವಳ ಹೆಸರಿನ ಮುಂದೆ 'ಹಾಜರಿದ್ದರು' ಎಂದು ಬರೆಯುವ ಮುನ್ನ ಗುಮಾಸ್ತರು ಒಮ್ಮೆ ತಲೆಯೆತ್ತಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಪ್ರತಿ ಸೋಮವಾರ ಅವಳು ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಬಿಡುವಳು. ಮೇಲೆಳೆದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆಯೋ ನೋಡಿ, ಮೂರು ಇಪ್ಪತ್ತು ಎಂದು ಬರೆಯುವಳು. ತಿಂಗಳ ಕೊನೆಗೆ 'ಪ್ರಾಂತ್ಯದಲ್ಲಿ ನೀರು ಸಮೃದ್ಧವಾಗಿದೆ, ಕೊರತೆ ಇರುವುದಿಲ್ಲ' ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕುವಳು. ಅಳೆದವರೇ ಸಹಿ ಹಾಕತಕ್ಕದ್ದೆಂಬುದು ನಿಯಮ. ಮೇಲಿನವರ ಸಹಿಗೆ ಅಲ್ಲಿ ಜಾಗವೇ ಇರಲಿಲ್ಲ. ಮೇಲಿನವರೇ ಬಹಳ ಯೋಚಿಸಿ ಹಾಗೆ ಮಾಡಿಸಿದ್ದರು.

ಅವಳ ಮನೆ ಸಂಸ್ಥೆಯ ಹಿಂದಿನ ಬೀದಿಯಲ್ಲೇ ಇತ್ತು. ಆ ಬೀದಿಯ ನಲ್ಲಿಗಳಲ್ಲಿ ನೀರು ಬಂದು ವರ್ಷಗಳೇ ಆಗಿದ್ದವು. ತಿರುಗಿಸಿದರೆ ಮೊದಲು ಒಂದು ನಿಟ್ಟುಸಿರು, ಆಮೇಲೆ ಕಡ್ಡಿಯಷ್ಟು ಸಣ್ಣ ಧಾರೆ, ಆಮೇಲೆ ಅದೂ ಇಲ್ಲ. ಅವಳ ಅಮ್ಮ ಎರಡು ಕೊಡ ಹಿಡಿದು ಮೂರು ಬೀದಿ ದಾಟಿ ಹೋಗಿ ತರುತ್ತಿದ್ದರು. ಮಂಡಿ ನೋವು ಹೆಚ್ಚಾದಾಗ ಒಂದು ಕೊಡ. ಕೊನೆಗೆ ಬೀದಿಯ ಹೆಂಗಸರನ್ನೆಲ್ಲ ಸೇರಿಸಿ, ಟ್ಯಾಂಕರ್ ಕಳಿಸಿ ಎಂದು ನೀರು ಸರಬರಾಜು ಕಚೇರಿಗೆ ಅರ್ಜಿ ಹಾಕಿದರು. ನಾಲ್ಕು ತಿಂಗಳಿಗೆ ಉತ್ತರ ಬಂತು: 'ಅಂತರ್ಜಲವು ಹತ್ತು ಮೀಟರಿಗಿಂತ ಕೆಳಗಿಳಿದ ಪ್ರದೇಶಗಳಿಗೆ ಮಾತ್ರ ಟ್ಯಾಂಕರ್ ಸೌಲಭ್ಯವಿದ್ದು, ಲಗತ್ತಿಸಿರುವ ಪ್ರಮಾಣಪತ್ರದಂತೆ ತಮ್ಮ ಬೀದಿಯಲ್ಲಿ ನೀರು ಸಮೃದ್ಧವಾಗಿರುವುದರಿಂದ, ತಮಗೆ ನೀರಿಲ್ಲವೆಂಬ ಭಾವನೆಯನ್ನು ಪುನರ್‌ಪರಿಶೀಲಿಸಲು ಕೋರಲಾಗಿದೆ.'

ಅಮ್ಮ ಲಗತ್ತನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಪುಟ್ಟಿ, ಈ ಸಹಿ ನಿಂದೇ ಅಲ್ವೇನೆ?"

"ಹೂಂ."

"ನಾನು ದಿನಾ ಕೊಡ ಹೊರೋದು ನಿಂಗೆ ಗೊತ್ತಿಲ್ವಾ?"

"ಗೊತ್ತಮ್ಮ. ಆದ್ರೆ ಅದು ಬಾವೀಲಿ ಕಾಣಲ್ಲ."

ಅಮ್ಮ ಜಗಳವಾಡಲಿಲ್ಲ. ಆ ಕಾಗದವನ್ನು ಮಡಿಸಿ, ಖಾಲಿ ಕೊಡದ ಬಾಯಿಗೆ ಮುಚ್ಚಳದ ಹಾಗೆ ಇಟ್ಟು, ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಹುಡುಗಿಗೆ. ಈ ತಿಂಗಳು ಸಹಿ ಹಾಕುವ ಮುಂಚೆ ಆ ಬಾವಿಯನ್ನು ಒಂದು ಸಲ ಸರಿಯಾಗಿ ನೋಡಬೇಕೆಂದು ಅವಳು ನಿರ್ಧರಿಸಿದಳು. ಹನ್ನೊಂದು ವರ್ಷದಲ್ಲಿ ಅದನ್ನು ಎಲ್ಲರೂ ಅಳೆದಿದ್ದರು, ಯಾರೂ ಇಣುಕಿರಲಿಲ್ಲ.

ಸೋಮವಾರ ಇಣುಕಿದಳು. ಒಳಗೋಡೆಯ ಒಂದು ಸಂದಿನಿಂದ ಕೈಬೆರಳಿನ ಗಾತ್ರದ ಧಾರೆ ಸುಳುಸುಳು ಎಂದು ಬೀಳುತ್ತಿತ್ತು. ಮೇಲಿನವರೆಗೂ ಕ್ಲೋರಿನ್ ವಾಸನೆ.

ವಾಸನೆ ಸಂಸ್ಥೆಗೆ ಹೊಸದಲ್ಲ. ಆ ಬಾವಿಯ ನೀರಿನಲ್ಲಿ ಕ್ಲೋರಿನ್ ಇರುವುದನ್ನು ನಿರ್ದೇಶಕರೇ ಸ್ವತಃ ಕಂಡುಹಿಡಿದು, 'ತನ್ನನ್ನು ತಾನೇ ಶುದ್ಧೀಕರಿಸಿಕೊಳ್ಳುವ ಶಿಲಾಸ್ತರ' ಎಂಬ ಗ್ರಂಥ ಬರೆದು ಬೆಳ್ಳಿ ಫಲಕ ಪಡೆದಿದ್ದರು. ಅದರ ಮೇಲೆ ಮೂವರಿಗೆ ಡಾಕ್ಟರೇಟ್ ಆಗಿತ್ತು. ನಾಲ್ಕನೆಯವರು ಆ ಮೂವರ ಮೇಲೆ ಮಾಡುತ್ತಿದ್ದರು.

ಹುಡುಗಿ ಕಚೇರಿ ಅಧೀಕ್ಷಕರ ಬಳಿ ಹೋದಳು. ಅವರನ್ನು ಎಲ್ಲರೂ ನಿಯಮಾವಳಿ ಎಂದೇ ಕರೆಯುತ್ತಿದ್ದರು, ಎದುರಿಗೂ. ಅವರಿಗೂ ಅದು ಇಷ್ಟವೇ. ಬಾವಿಗೆ ಎಲ್ಲಿಂದಲೋ ನೀರು ಸೋರುತ್ತಿದೆ ಎಂದು ಅವಳು ಮೆಲ್ಲಗೆ ಹೇಳಿದಳು. ನಿಯಮಾವಳಿ ಕನ್ನಡಕ ಒರೆಸಿಕೊಂಡು, ಸೋರಿಕೆಯನ್ನು ವರದಿ ಮಾಡುವ ಅಧಿಕಾರ ಕಟ್ಟಡ ವಿಭಾಗಕ್ಕೆ ಮಾತ್ರ ಇದೆಯೆಂದೂ, ಭೂವಿಜ್ಞಾನಿಯಾದವಳು ಕಂಡದ್ದು ಸೆಲೆಯೇ ಆಗಿರತಕ್ಕದ್ದೆಂದೂ, ಸೆಲೆ ಎಂದು ಬರೆದುಕೊಟ್ಟರೆ ಇವತ್ತೇ ಮುದ್ರೆ ಒತ್ತಿಕೊಡುವುದಾಗಿಯೂ ತಿಳಿಸಿದರು. ಕಟ್ಟಡ ವಿಭಾಗ ಎಲ್ಲಿದೆಯೆಂದು ಕೇಳಿದಳು. ಅದನ್ನು ಆರು ವರ್ಷದ ಹಿಂದೆ ಮುಚ್ಚಲಾಗಿತ್ತು. ಅದರ ಕಟ್ಟಡ ಸೋರುತ್ತಿತ್ತಂತೆ.

ಅದೇ ದಿನ ನಿರ್ದೇಶಕರ ಕೈತೊಳೆಯುವ ತೊಟ್ಟಿ ಕಟ್ಟಿಕೊಂಡಿತ್ತೆಂದು ಪ್ಲಂಬರ್ ಬಂದಿದ್ದ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ, ಯಾವುದಕ್ಕೂ ಅವಸರವಿಲ್ಲದ ಮನುಷ್ಯ. ಹುಡುಗಿ ಅವನನ್ನು ಬಾವಿಯ ಹತ್ತಿರ ಕರೆದು ತೋರಿಸಿದಳು. ಅವನು ಟಾರ್ಚ್ ಬಿಟ್ಟು, ಒಮ್ಮೆ ಮೂಸಿ, ನೆಲದ ಮೇಲೆ ಕಿವಿಯಿಟ್ಟು ಕೇಳಿದ.

"ಇದ್ಯಾವ ಸೆಲೆ ಮೇಡಂ? ಪೈಪ್ ಒಡೆದಿದೆ. ಹಿಂದಿನ ಬೀದಿಗೆ ಹೋಗೋ ಲೈನು ಇಲ್ಲೇ ಕೆಳಗೆ ಹಾದುಹೋಗತ್ತೆ. ಅವರ ನೀರೆಲ್ಲ ನಿಮ್ಮ ಬಾವಿಗೆ ಬೀಳ್ತಿದೆ."

"ಮತ್ತೆ ಮಟ್ಟ ಯಾವಾಗ್ಲೂ ಮೂರು ಇಪ್ಪತ್ತೇ ಇರತ್ತಲ್ಲ?"

"ಅಗೋ, ಅಲ್ಲೊಂದು ತೂತಿದೆ ನೋಡಿ. ಹೆಚ್ಚಾದದ್ದು ಚರಂಡಿಗೆ ಹೋಗತ್ತೆ. ನಿಮ್ಮ ಪ್ರಾಂತ್ಯಕ್ಕೆ ಮೂರು ಇಪ್ಪತ್ತು ಅಂತ ಗೊತ್ತು ಮಾಡಿರೋದು ಆ ತೂತು."

ಮುಕ್ಕಾಲು ಗಂಟೆ ಅಗೆದು, ರಬ್ಬರ್ ಪಟ್ಟಿ ಸುತ್ತಿ, ಕ್ಲಾಂಪ್ ಬಿಗಿದು, ಮಣ್ಣು ಮುಚ್ಚಿ ಅವನು ಹೊರಟುಹೋದ. ಸಂಜೆ ಹುಡುಗಿ ಮನೆಗೆ ಹೋದಾಗ ಬೀದಿಯಲ್ಲಿ ಗದ್ದಲವೋ ಗದ್ದಲ. ಪ್ರತಿ ಮನೆಯ ನಲ್ಲಿಯೂ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗಿ ಸುರಿಯತೊಡಗಿತ್ತು. ಪಕ್ಕದ ಮನೆಯ ದೊಡ್ಡಮ್ಮ ತೊಳೆದ ಪಾತ್ರೆಗಳನ್ನೇ ಮತ್ತೆ ಹೊರಗೆ ತಂದು ತೊಳೆಯುತ್ತಿದ್ದರು. ಅಮ್ಮ ಮನೆಯಲ್ಲಿದ್ದ ಲೋಟಗಳಿಗೂ ನೀರು ತುಂಬಿಸಿಟ್ಟು, ಇನ್ನೇನು ತುಂಬಿಸಲಿ ಎಂದು ಸುತ್ತ ನೋಡುತ್ತ ನಿಂತಿದ್ದರು. ಹುಡುಗಿ ಎರಡು ಬಕೆಟ್ ಸ್ನಾನ ಮಾಡಿದಳು.

ಆದರೆ ಪ್ರಾಂತ್ಯದ ಪರಿಸ್ಥಿತಿ ಗಂಭೀರವಾಗುತ್ತಿತ್ತು. ಮಂಗಳವಾರ ಅಂತರ್ಜಲ ಐದು ಮೀಟರಿಗೆ ಇಳಿಯಿತು. ಬುಧವಾರ ಎಂಟು. ಗುರುವಾರ ಹನ್ನೆರಡು. ಶುಕ್ರವಾರ ಟೇಪು ತಳ ಮುಟ್ಟಿ, ಸೀಮೆಸುಣ್ಣ ಬೆಳ್ಳಗೆ, ಒಣಗಿಕೊಂಡೇ ಮೇಲೆ ಬಂತು. ಅಂದರೆ ಐದೇ ದಿನದಲ್ಲಿ ನಾಲ್ಕು ನದಿ, ಅರವತ್ತು ಕೆರೆ, ಎರಡು ಗಣಿ ಪ್ರದೇಶಗಳನ್ನೊಳಗೊಂಡ ಇಡೀ ಪ್ರಾಂತ್ಯ ಬತ್ತಿಹೋಗಿತ್ತು. ನದಿಗಳಲ್ಲಿ ನೀರು ಹರಿಯುತ್ತಲೇ ಇತ್ತು, ನಿಜ. ಆದರೆ ನದಿಗಳ ಬಳಿ ಪ್ರಮಾಣಪತ್ರವಿರಲಿಲ್ಲ.

ತುರ್ತು ಸಭೆ ಕರೆಯಲಾಯಿತು. ನಿರ್ದೇಶಕರ ಮುಖ ಇಳಿದುಹೋಗಿತ್ತು. ಪ್ಲಂಬರನ್ನೂ ಕರೆಸಿದ್ದರು, ಅವನು ಕುರ್ಚಿಯ ತುದಿಯಲ್ಲಿ ಸ್ಪ್ಯಾನರ್ ತೊಡೆಯ ಮೇಲಿಟ್ಟುಕೊಂಡು ಕೂತು, ತಾನು ಪೈಪಿನ ಬಿರುಕು ಮುಚ್ಚಿದ್ದಾಗಿ, ಅದಕ್ಕೆ ಇನ್ನೂ ಬಿಲ್ಲು ಕೊಡದಿರುವುದಾಗಿ ಹೇಳಿದ.

"ಪೈಪು," ಎಂದರು ನಿರ್ದೇಶಕರು, ಆ ಪದವನ್ನು ಮೊದಲ ಸಲ ಕೇಳಿದವರಂತೆ. "ಏನಪ್ಪಾ, ನೀನು ಪೈಪು ಅಂತಿರೋದರ ಮೇಲೆ ಈ ಕೋಣೇಲಿ ಮೂರು ಜನ ಡಾಕ್ಟರೇಟ್ ಮಾಡಿದ್ದಾರೆ. ಗೊತ್ತಾ?"

"ಗೊತ್ತಿರಲಿಲ್ಲ ಸಾರ್. ಒಂದೂವರೆ ಇಂಚಿಂದು ಅದು," ಎಂದ ಪ್ಲಂಬರ್.

ಒಂದೂವರೆ ಇಂಚೆಂಬುದು ಮೂರು ಪ್ರಬಂಧಗಳಲ್ಲಿ ಯಾವುದರಲ್ಲೂ ಇಲ್ಲದ ಹೊಸ ಮಾಹಿತಿಯಾದ್ದರಿಂದ ಸಭೆ ಅದನ್ನು ಬರೆದುಕೊಂಡಿತು. ನಂತರ ಒಮ್ಮತದಿಂದ ನಿರ್ಣಯಗಳಾದವು. ಸದರಿ ಪೈಪನ್ನು ಇನ್ನುಮುಂದೆ 'ಲೋಹಾವೃತ ಜಲಸ್ತರ' ಎಂದು ಪರಿಗಣಿಸತಕ್ಕದ್ದು. ಅದರ ಸ್ವಾಭಾವಿಕ ಸ್ಥಿತಿಗೆ ಮನುಷ್ಯರಿಂದ ಧಕ್ಕೆಯಾಗಿರುವುದರಿಂದ ಅದನ್ನು ಕೂಡಲೇ ಪೂರ್ವಸ್ಥಿತಿಗೆ ತರತಕ್ಕದ್ದು, ಅಂದರೆ ಒಡೆಯತಕ್ಕದ್ದು. ಜಲಸ್ತರವನ್ನು ಕೈಯಿಂದ ಮುಟ್ಟಿದ ಏಕೈಕ ವ್ಯಕ್ತಿ ಪ್ಲಂಬರೇ ಆಗಿರುವುದರಿಂದ ಅವನನ್ನು ತಾಂತ್ರಿಕ ಸಲಹೆಗಾರನನ್ನಾಗಿ ನೇಮಿಸತಕ್ಕದ್ದು. ಪ್ಲಂಬರ್ ಎದ್ದು ನಿಂತು ಕೈಮುಗಿದ.

ಎಲ್ಲರೂ ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದಾಗ ಹುಡುಗಿ ಏನೋ ಅಂದಳು. ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಅಂದಳು. ಗುಮಾಸ್ತರು ತಲೆಯೆತ್ತಿ, ಸದ್ದು ಎಲ್ಲಿಂದ ಬಂತೆಂದು ನೋಡಿದರು.

"ಹಾಗಾದ್ರೆ ನಾನು ಸಹಿ ಹಾಕಲ್ಲ ಸರ್."

ಅವಳ ಕಿವಿಗಳು ಕೆಂಪಾಗಿದ್ದವು, ಕಣ್ಣು ಮೇಜಿನ ಮೇಲಿತ್ತು. ಆದರೂ ಮಾತು ಮುಗಿಸಿದಳು.

"ಹಿಂದಿನ ಬೀದಿಗೆ ನೀರು ಹೋಗಲ್ಲ. ನಮ್ಮಮ್ಮನ ಮಂಡಿಗೆ ಆಗಲ್ಲ."

ಸಂಸ್ಥೆಯ ಇತಿಹಾಸದಲ್ಲಿ ಮಂಡಿಯೊಂದು ಕಾರ್ಯಸೂಚಿಗೆ ಬಂದದ್ದು ಇದೇ ಮೊದಲು. ನಿರ್ದೇಶಕರು ಅವಳನ್ನು ಗದರಿಸಲು ಬಾಯಿ ತೆರೆದು, ಸಹಿ ಹಾಕಲು ಅಧಿಕಾರವಿರುವವಳು ಇವಳೊಬ್ಬಳೇ ಎಂಬುದು ನೆನಪಾಗಿ, ಆ ತೆರೆದ ಬಾಯಿಯಲ್ಲಿ "ನಿಯಮಾವಳಿ" ಎಂದು ಕರೆದರು.

ನಿಯಮಾವಳಿ ಕಪಾಟಿನಿಂದ ಒಂದು ದಪ್ಪ ಪುಸ್ತಕ ತಂದು, ಧೂಳು ಕೊಡವಿ, ಇಪ್ಪತ್ತು ನಿಮಿಷ ಪುಟ ಮಗುಚಿದರು. ಸಂಸ್ಥೆಯು ನೀರು ಹಂಚುವಂತಿಲ್ಲ, ಅದು ಸರಬರಾಜು ಕಚೇರಿಯ ಕೆಲಸ. ಆದರೆ ಸಂಶೋಧನೆಗಾಗಿ ನೀರಿನ ಮಾದರಿಯನ್ನು ಯಾರಿಂದ ಬೇಕಾದರೂ ಸಂಗ್ರಹ ಮಾಡಿಸಬಹುದು. ಮಾದರಿಯ ಪ್ರಮಾಣ ಇಂತಿಷ್ಟೇ ಇರಬೇಕೆಂದು ಎಲ್ಲೂ ಹೇಳಿಲ್ಲ. ಪರೀಕ್ಷೆ ಮುಗಿದ ಮಾದರಿಯನ್ನು ಸಂಗ್ರಹಿಸಿದವರೇ ಸಂಸ್ಥೆಯ ಆವರಣದಿಂದ ಹೊರಗೆ ಒಯ್ದು ವಿಲೇವಾರಿ ಮಾಡತಕ್ಕದ್ದು. ಎಲ್ಲಿ, ಹೇಗೆ ಎಂಬುದು ಅವರ ಅನುಕೂಲಕ್ಕೆ ಬಿಟ್ಟದ್ದು.

ಹುಡುಗಿ ಲೆಕ್ಕ ಹಾಕಿದಳು. ಸಂಸ್ಥೆಯ ಹಿಂದಿನ ಗೇಟು ತೆರೆದರೆ ಅಮ್ಮನಿಗೆ ನಲವತ್ತು ಹೆಜ್ಜೆ.

"ಹಿಂದಿನ ಗೇಟು ತೆರೀತೀರಾ?" ಎಂದು ಕೇಳಿದಳು.

ತೆರೆಯಲಾಯಿತು. ಸಲಹೆಗಾರರು ಕ್ಲಾಂಪ್ ಸಡಿಲಿಸಿದರು, ಅಂತರ್ಜಲ ಮೂರು ಇಪ್ಪತ್ತಕ್ಕೆ ಏರಿತು, ಬೀದಿಯ ನಲ್ಲಿಗಳು ನಿಟ್ಟುಸಿರಿಟ್ಟು ಸುಮ್ಮನಾದವು. ಮರುದಿನ ಬೆಳಿಗ್ಗೆ ಹಿಂದಿನ ಬೀದಿಯ ಹೆಂಗಸರು ಕೊಡಗಳೊಂದಿಗೆ ಸಾಲಾಗಿ ಬಂದರು. ಪ್ರತಿ ಕೊಡಕ್ಕೂ ಸಂಖ್ಯೆ, ದಿನಾಂಕ, ಆಳ ಬರೆದ ಚೀಟಿ ಅಂಟಿಸಲಾಯಿತು. ಒಬ್ಬ ರಸಾಯನಶಾಸ್ತ್ರಜ್ಞರು ಮೆಟ್ಟಿಲ ಮೇಲೆ ಕೂತು, ಕೊಡಕ್ಕೊಂದು ಸಲ ಮೂಸಿ, 'ಕ್ಲೋರಿನ್ ಇದೆ' ಎಂದು ಬರೆದುಕೊಂಡು ಮುಂದಕ್ಕೆ ಬಿಟ್ಟರು. ಮೊದಲ ದಿನ ದೊಡ್ಡಮ್ಮ ಅದು ಏನು ಮೂಸುತ್ತೀಯಪ್ಪ, ಕೊಡ ನಿನ್ನೆಯೇ ಬೆಳಗಿದ್ದೇನೆ ಎಂದು ಮುನಿಸಿಕೊಂಡರು. ಎರಡನೆಯ ದಿನ ತಾವೇ ಕೊಡ ಬಾಗಿಸಿ ಅವರ ಮೂಗಿನ ಹತ್ತಿರ ಹಿಡಿದರು. ವಾರ ಕಳೆಯುವಷ್ಟರಲ್ಲಿ ಬೀದಿಯಲ್ಲಿ ಯಾರೂ ನೀರು ತರುತ್ತೇನೆ ಅನ್ನುತ್ತಿರಲಿಲ್ಲ. ಎರಡು ಮಾದರಿ ತಂದುಬಿಡ್ತೀನಿ, ಆಮೇಲೆ ಒಲೆ ಹಚ್ಚು ಅನ್ನುತ್ತಿದ್ದರು. ಸ್ನಾನ, ಬಟ್ಟೆ ಒಗೆಯುವುದು, ಗಿಡಕ್ಕೆ ಹಾಕುವುದು ಎಲ್ಲವೂ ವಿಲೇವಾರಿ ವಹಿಯಲ್ಲಿ ದಾಖಲಾಗತೊಡಗಿತು.

ವರ್ಷಾಂತ್ಯಕ್ಕೆ ಅರವತ್ತೆಂಟು ಸಾವಿರ ಮಾದರಿಗಳನ್ನು ಪರೀಕ್ಷಿಸಿದ ಸಂಸ್ಥೆ ಬೇರೆ ಯಾವುದೂ ಇರಲಿಲ್ಲ. ನಿರ್ದೇಶಕರಿಗೆ ಎರಡನೆಯ ಬೆಳ್ಳಿ ಫಲಕ ಬಂತು. ಸರಬರಾಜು ಕಚೇರಿಯವರು ಬಂದು ನೋಡಿ, ಒಡೆದ ಪೈಪು ಇಷ್ಟು ಜನರಿಗೆ ಉಪಯೋಗವಾಗುತ್ತಿರುವುದು ತಮಗೂ ಹೆಮ್ಮೆಯೆಂದು ಬರೆದುಕೊಟ್ಟು, ತಮ್ಮ ವ್ಯಾಪ್ತಿಯ ಇತರ ಪೈಪುಗಳನ್ನೂ ಇದೇ ಮಾದರಿಯಲ್ಲಿ ಅಭಿವೃದ್ಧಿಪಡಿಸುವುದಾಗಿ ಹೇಳಿ ಹೋದರು.

ಐನೂರಕ್ಕಿಂತ ಹೆಚ್ಚು ಮಾದರಿ ಸಂಗ್ರಹಿಸಿದವರನ್ನು ಹಿರಿಯ ಕ್ಷೇತ್ರ ಸಂಶೋಧಕರೆಂದು ಪರಿಗಣಿಸಬೇಕೆಂದು ಪುಸ್ತಕದಲ್ಲಿದ್ದ ನಿಯಮವನ್ನೂ ನಿಯಮಾವಳಿ ಹುಡುಕಿ ತೆಗೆದರು. ಆ ಪ್ರಕಾರ ಅಮ್ಮ ಹುಡುಗಿಗಿಂತ ಎರಡು ದರ್ಜೆ ಮೇಲಾದರು. ಕಿರಿಯ ಭೂವಿಜ್ಞಾನಿ ಸಹಿ ಹಾಕಿದ ಪ್ರಮಾಣಪತ್ರಕ್ಕೆ ಇನ್ನುಮುಂದೆ ಹಿರಿಯರೊಬ್ಬರ ಮೇಲುಸಹಿ ಕಡ್ಡಾಯವಾಯಿತು. ಹುಡುಗಿ ಇನ್ನೊಮ್ಮೆ ಸಭೆಯಲ್ಲಿ ಮಾತಾಡದಿರಲೆಂದು ನಿರ್ದೇಶಕರು ಹುಡುಕಿದ ಉಪಾಯ ಅದು.

ತಿಂಗಳ ಕೊನೆಯ ದಿನ ಹುಡುಗಿ ಕಾಗದ ಹಿಡಿದು ಸಾಲಿನ ಹತ್ತಿರ ಹೋದಳು. ಅಮ್ಮ ತುಂಬಿದ ಕೊಡವನ್ನು ಸೊಂಟದಿಂದ ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕಾಗದ ಇಸಿದುಕೊಂಡರು. 'ಹಿಂದಿನ ಬೀದಿಯೂ ಸೇರಿದಂತೆ ಪ್ರಾಂತ್ಯದ ಯಾವ ಭಾಗದಲ್ಲೂ ನೀರಿನ ಕೊರತೆ ಇರುವುದಿಲ್ಲ' ಎಂಬ ಸಾಲನ್ನು ಬೆರಳಿಟ್ಟು ಓದಿದರು. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. ಹಾಕಬೇಡ ಎಂದು ಅಮ್ಮ ಹೇಳಿದರೆ ಹರಿದುಹಾಕಲು ಸಿದ್ಧಳಾಗಿಯೇ ಬಂದಿದ್ದಳು.

"ನಲ್ಲೀಲಿ ಬರಲ್ಲಮ್ಮ. ನಿನಗೇ ಗೊತ್ತಲ್ಲ," ಅಂದಳು.

"ನಲ್ಲಿ ಮಾತು ಎಲ್ಲಿದೆ ಇದರಲ್ಲಿ? ಕೊಡದಲ್ಲಿ ಇದೆ ತಾನೇ? ಪೆನ್ನು ಕೊಡು. ಎಲ್ಲಿ ಹಾಕ್ಬೇಕು?"

ತೋರಿಸಿದಳು. ಅಮ್ಮ ಕಾಗದವನ್ನು ಕೊಡದ ಹೊಟ್ಟೆಯ ಮೇಲಿಟ್ಟು, ನಿಧಾನವಾಗಿ, ಪೂರ್ತಿ ಹೆಸರು ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದರು. ಶಾಯಿ ಒದ್ದೆಗೆ ಸ್ವಲ್ಪ ಹರಡಿತು.

"ಹೂಂ, ಸರಿ ಈಗ ಆ ಕಡೆ," ಎಂದರು. "ಹಿಂದೆ ಹದಿನಾಲ್ಕು ಜನ ಸಂಶೋಧಕರು ನಿಂತಿದ್ದಾರೆ."