ಒಂದೇ ಸೆಲೆ ಎಂದು ಸಾಧಿಸಿದ್ದು

ವಾದದಲ್ಲಿ ನಾನು ಸೋತವಳಲ್ಲ. ಕಡೂರಿನಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಯಾವ ಚೀಟಿ ಎತ್ತಿದರೂ ಗೆದ್ದು ಬರುತ್ತಿದ್ದೆ. ಗೆದ್ದ ಶೀಲ್ಡುಗಳಲ್ಲಿ ದೊಡ್ಡದನ್ನು ಅಮ್ಮ ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿಕೊಂಡಿದ್ದಳು. "ಅಳತೆಗೆ ಸರಿಯಾಗಿ ಕೂತದೆ" ಎಂಬುದು ನನ್ನ ಸಾಧನೆಯ ಬಗ್ಗೆ ಅವಳ ಒಟ್ಟು ಅಭಿಪ್ರಾಯ.

ಓದು ಮುಗಿದ ಮೇಲೆ ಅಂತರ್ಜಲ ಸಂಶೋಧನೆಯೊಂದರಲ್ಲಿ ತಾತ್ಕಾಲಿಕ ಸಹಾಯಕಿಯ ಕೆಲಸ ಸಿಕ್ಕಿತು. ನೆಲದಡಿಯ ಬಂಡೆಗಳಲ್ಲಿ ನೀರು ಎಲ್ಲಿ ನಿಂತಿದೆ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಸರ್ಕಾರದ ದುಡ್ಡಿನಲ್ಲಿ, ಅಂದರೆ ನಮ್ಮೆಲ್ಲರ ದುಡ್ಡಿನಲ್ಲಿ, ಕಂಡುಹಿಡಿಯುವ ಯೋಜನೆ. ವಿಜ್ಞಾನವೆಲ್ಲ ಯೋಜನೆಯ ಮುಖ್ಯಸ್ಥೆ ಮೇಡಂ ಅವರದು. ಹಳ್ಳಿಯವರನ್ನು ಒಪ್ಪಿಸುವ ಬಾಯಿ ನನ್ನದು. ಬಾಯಿಯ ವಿಷಯದಲ್ಲಿ ಯೋಜನೆಗೆ ನನಗಿಂತ ಯೋಗ್ಯ ಅಭ್ಯರ್ಥಿ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

ಮೊದಲ ಪರೀಕ್ಷೆಗೆ ನಾನು ಸೂಚಿಸಿದ್ದು ಸಿಂಗಟಗೆರೆ ಪಕ್ಕದ ನನ್ನ ಊರನ್ನೇ. ಅಲ್ಲಿ ಒಂದು ಹಳೆಯ ತಗಾದೆ ಕಾಯುತ್ತಿತ್ತು. ನಮ್ಮ ಬೀದಿಗೆ ಕುಡಿಯುವ ನೀರು ಬರುವುದು ಮಿನಿ ಟ್ಯಾಂಕಿನ ಪಕ್ಕದ ಪಂಚಾಯಿತಿ ಬೋರಿನಿಂದ. ಬೇಲಿಯಾಚೆ ನನ್ನ ದೊಡ್ಡಪ್ಪನ ತೆಂಗಿನ ತೋಟ. ತೋಟದಲ್ಲಿ ಅವನ ಸ್ವಂತ ಬೋರು. ಅವನು ಮೋಟಾರ್ ಹಾಕಿದರೆ ನಮ್ಮ ನಲ್ಲಿ ಸಣ್ಣಗಾಗುತ್ತದೆ ಎಂದು ಬೀದಿಯವರು ದೂರುತ್ತಿದ್ದರು. ತನ್ನ ಬೋರಿಗೂ ಬೀದಿಯ ನಲ್ಲಿಗೂ ಸಂಬಂಧವೇ ಇಲ್ಲ ಎಂದು ದೊಡ್ಡಪ್ಪ ಸಾಧಿಸುತ್ತಿದ್ದ.

"ನಮ್ ಬೋರಿನ ಸೆಲೆ ಬರೋದು ಲಿಂಗದಹಳ್ಳಿ ಗುಡ್ಡದ ಕಡೆಯಿಂದ ಕಣವ್ವಾ. ಟ್ಯಾಂಕಿಂದು ಬೇರೆ ಸೆಲೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕಂಡು ಪಾಯಿಂಟ್ ನೋಡ್ದೋನೇ ಹೇಳವ್ನೆ."

"ಆ ತೆಂಗಿನಕಾಯಿ ಯಾವ ಕಾಲೇಜಲ್ಲಿ ಓದಿತ್ತು ದೊಡ್ಡಪ್ಪ?"

"ನಿನ್ ಹಂಗೆ ಓದಿದ್ರೆ ಅದರ ಕೆಲ್ಸಾನೂ ತಾತ್ಕಾಲಿಕ ಆಗಿರೋದು ಬಿಡು."

ಬೀದಿಗೆ ಬೀದಿಯೇ ನಕ್ಕಿತು. ನನಗೆ ಉರಿಯಿತು. ಎರಡಕ್ಕೂ ಒಂದೇ ಸೆಲೆ ಎಂದು ತೋರಿಸಿದರೆ ಏನು ಮಾಡುತ್ತೀ ಎಂದು ಎಲ್ಲರ ಮುಂದೆ ಕೇಳಿದೆ.

"ತೋರ್ಸು. ಬೇಸಿಗೇಲಿ ಮೋಟ್ರು ಮುಟ್ಟಲ್ಲ. ಬೀದಿಯೋರು ಹೊಟ್ಟೆ ತುಂಬ ನೀರು ಕುಡೀಲಿ."

ಇದಕ್ಕಿಂತ ಒಳ್ಳೆಯ ಕರಾರು ಯಾವ ಬೀದಿಗೆ ಸಿಗುತ್ತದೆ? ಮಾರನೆಯ ವಾರವೇ ಮೇಡಂ ಜೀಪು ಬಂತು, ಹಿಂದೆ ಜನರೇಟರ್ ಬಂತು.

ಪರೀಕ್ಷೆ ಸರಳ. ಪಂಚಾಯಿತಿ ಬೋರನ್ನು ನಿಲ್ಲಿಸಿ ದೊಡ್ಡಪ್ಪನ ಬೋರನ್ನು ಬಿಡದೆ ಓಡಿಸಬೇಕು. ಇಲ್ಲಿ ಎತ್ತಿದಾಗ ಅಲ್ಲಿ ಇಳಿದರೆ ಎರಡಕ್ಕೂ ಸಂಬಂಧವಿದೆ ಎಂದರ್ಥ. ಅಳೆಯಲು ಒಂದು ಟೇಪು. ಕೊಳವೆಯೊಳಗೆ ಬಿಟ್ಟರೆ, ತುದಿ ನೀರಿಗೆ ತಾಗಿದ ಕೂಡಲೇ ಕುಯ್ ಎಂದು ಕೂಗುತ್ತದೆ. ಎತ್ತಿದ ನೀರು ಮತ್ತೆ ಅಲ್ಲೇ ಇಂಗಿ ಲೆಕ್ಕ ಕೆಡಬಾರದಲ್ಲ, ಅದಕ್ಕೆ ಪೈಪು ಎಳೆದು ದೂರದ ಮೋರಿಗೆ ಬಿಟ್ಟೆವು.

ಬಿರುಬೇಸಿಗೆಯಲ್ಲಿ ತಿಳಿನೀರು ಮೋರಿಗೆ ಹರಿಯುವುದನ್ನು ನಮ್ಮ ಬೀದಿ ಸುಮ್ಮನೆ ನೋಡುತ್ತದೆಯೇ? ಪಕ್ಕದ ಮನೆಯ ಜಯಮ್ಮ ಮೊದಲು ಬಂದು ಪೈಪಿನ ಬಾಯಿಗೆ ಅರಿಶಿನ ಕುಂಕುಮ ಇಟ್ಟು, ದಾಸವಾಳ ಸಿಕ್ಕಿಸಿ, ಊದುಬತ್ತಿ ಹಚ್ಚಿದಳು. ಆಮೇಲೆ ಬಿಂದಿಗೆಗಳು ಬಂದವು, ಒಗೆಯುವ ಕಂಬಳಿಗಳು ಬಂದವು, ಎಮ್ಮೆಗಳೂ ಬಂದವು. "ಇಂಥ ನೀರು ನಾನು ಮದ್ವೆಯಾಗಿ ಬಂದಾಗಿಂದ ನೋಡಿಲ್ಲ ಕಣೇ. ನಿನ್ ಕೈ ತಂಪಿರ್ಲಿ" ಎಂದು ಜಯಮ್ಮ ನನ್ನ ಹಣೆಗೂ ಕುಂಕುಮ ಹಚ್ಚಿದಳು.

ಮಧ್ಯಾಹ್ನಕ್ಕೆ ಪಂಚಾಯಿತಿ ಬೋರಿನ ನೀರು ಸ್ಪಷ್ಟವಾಗಿ ಇಳಿದಿತ್ತು. ಮೇಡಂ ಟೇಪು ನನ್ನ ಕೈಗೆ ಕೊಟ್ಟರು. "ಉತ್ತರ ಸಿಕ್ಕಿತು. ಅಜ್ಜಂಪುರದ ಕಡೆ ಇನ್ನೊಂದು ಬಾವಿ ಇದೆ, ಹೋಗ್ತೀನಿ. ಸಂಜೆಗೆ ನಿಲ್ಲಿಸಿಬಿಡು. ಇದು ಬಂಡೆಯ ಬಿರುಕಿನ ನೀರು. ಕೆರೆ ಅಲ್ಲ."

ಸಂಜೆ ಜನರೇಟರ್ ಆರಿಸುವ ಗುಂಡಿ ಒತ್ತಲು ಹೊರಟೆ. ದೊಡ್ಡಪ್ಪ ಬೇಲಿಗೆ ಒರಗಿ ನಿಂತಿದ್ದ.

"ಒಪ್ಕೋ ದೊಡ್ಡಪ್ಪ. ಇಳಿದದೆ."

"ಬಿಸ್ಲಿಗೆ ಇಳಿದಿರ್ತದೆ."

"ಅಷ್ಟು ಆಳಕ್ಕೆ ಬಿಸಿಲು ಹೋಗುತ್ತಾ?"

"ನೀನು ಹೋಗಿ ನೋಡ್ಕಂಡು ಬಂದಿದ್ಯಾ?"

ಎದುರಾಳಿಯ ಒಂದು ಆಕ್ಷೇಪ ಉತ್ತರವಿಲ್ಲದೆ ಉಳಿದರೂ ಅಂಕ ಹೋಯಿತು. ಇದು ಚರ್ಚಾಸ್ಪರ್ಧೆಯ ಮೊದಲ ಪಾಠ. ಬಿಸಿಲು ಇಳಿಯುವವರೆಗೆ ಓಡಿಸಿದೆ. ಬಿಸಿಲು ಇಳಿಯಿತು, ನೀರೂ ಇಳಿಯಿತು. ಆಗ ದೊಡ್ಡಪ್ಪ, ನೀರುಗಂಟಿ ಕದ್ದು ಪಂಚಾಯಿತಿ ಮೋಟಾರ್ ಹಾಕಿರಬೇಕು ಎಂದ. ಅದರ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿಸಿ, ಬೀಗದ ಕೈಯನ್ನು ಅವನ ಜೇಬಿಗೇ ಹಾಕಿದೆ. ಮತ್ತೆ ಓಡಿಸಿದೆ. ಒಂದು ದಿನದ ಇಳಿತ ಇಳಿತವೇ ಅಲ್ಲ ಎಂದ. ಹಾಗಾದರೆ ಬೆಳಗಿನವರೆಗೆ ನೋಡೋಣ ಎಂದೆ.

"ನೋಡೇಬಿಡಾನ" ಎಂದ.

ಅಷ್ಟರಲ್ಲಿ ದೊಡ್ಡಮ್ಮ ಬಂದಳು. "ಇಬ್ರೂದು ಒಂದೇ ರಕ್ತ ಕಣ್ರೀ. ನೀರು ಮುಗಿಯೋಗಂಟ ನಿಮ್ ಮಾತು ಮುಗಿಯಲ್ಲ. ಯಾರಾದ್ರೂ ಒಬ್ರು ನಿಲ್ಸಿ."

"ನಿಲ್ಸಿದ್ರೆ ಸೋತೆ ಅಂತ ಬರ್ಕೋತಾಳೆ" ಎಂದ ದೊಡ್ಡಪ್ಪ.

"ನಿಲ್ಲಿಸಿದರೆ ಸಾಕ್ಷ್ಯ ಸಾಲದು ಅಂತಾನೆ" ಎಂದೆ ನಾನು. ವಿಜ್ಞಾನದ ಹಿತದೃಷ್ಟಿಯಿಂದ ಡೀಸೆಲ್ ತುಂಬಿಸಿ ಮನೆಗೆ ಹೋಗಿ ಮಲಗಿದೆ. ಒಳ್ಳೆಯ ನಿದ್ದೆಯೂ ಬಂತು.

ಬೆಳಿಗ್ಗೆ ಎಬ್ಬಿಸಿದ್ದು ಜಯಮ್ಮ. ಪೈಪು ಕೆಮ್ಮುತ್ತಿತ್ತು. ಕೆಂಪು ಕೆಸರು ಉಗುಳಿತು, ಆಮೇಲೆ ಬರಿ ಗಾಳಿ. ದಾಸವಾಳ ಹಾರಿ ಮೋರಿಗೆ ಬಿತ್ತು. ಓಡಿ ಹೋಗಿ ಜನರೇಟರ್ ಆರಿಸಿದೆ. ಪಂಚಾಯಿತಿ ಬೋರಿಗೆ ಟೇಪು ಬಿಟ್ಟೆ. ಬಿಟ್ಟೆ, ಬಿಟ್ಟೆ, ಸುರುಳಿ ಮುಗಿಯುವವರೆಗೆ ಬಿಟ್ಟೆ. ಟೇಪು ಕೂಗಲಿಲ್ಲ.

ಬೀದಿಯವರೆಲ್ಲ ಖಾಲಿ ಬಿಂದಿಗೆ ಹಿಡಿದು ಸುತ್ತ ನಿಂತಿದ್ದರು. ದೊಡ್ಡಪ್ಪ ತನ್ನ ಬೋರಿನ ಕೊಳವೆಗೆ ಕಿವಿಯಿಟ್ಟು ಬಹಳ ಹೊತ್ತು ಕೂತಿದ್ದು, ಟವೆಲ್ ಕೊಡವಿ ಎದ್ದ.

"ಸರಿ ಕಣವ್ವಾ. ಒಂದೇ ಸೆಲೆ."

ಒಪ್ಪಿಕೊಂಡ! ಬೀದಿಯವರೆಲ್ಲರ ಎದುರು, ನಿಸ್ಸಂದಿಗ್ಧವಾಗಿ, ಒಪ್ಪಿಕೊಂಡ. ಬೇಸಿಗೆಯಲ್ಲಿ ಮೋಟಾರ್ ಮುಟ್ಟುವುದಿಲ್ಲ ಎಂಬ ಮಾತನ್ನೂ ಅಂದಿನಿಂದ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಾನೆ.

ಸುದ್ದಿ ತಿಳಿದು ಮೇಡಂ ಬಂದರು. ಬೈಯಲಿಲ್ಲ, ಬೈದಿದ್ದರೆ ಉತ್ತರವಾದರೂ ಕೊಡಬಹುದಿತ್ತು. "ಸಂಜೆಗೆ ನಿಲ್ಲಿಸು ಅಂದಿದ್ದೆ" ಎಂದಷ್ಟೇ ಹೇಳಿದರು. ಅಳತೆಗಳನ್ನು ನೋಡಿ, ಇಷ್ಟು ಸ್ಪಷ್ಟವಾದ ಫಲಿತಾಂಶ ಅಪರೂಪ ಎಂದೂ ಹೇಳಿದರು. ನೀರು ಯಾವಾಗ ಬರುತ್ತದೆ ಎಂದು ಜಯಮ್ಮ ಕೇಳಿದ್ದಕ್ಕೆ, ಒಳ್ಳೆಯ ಮಳೆಯಾಗಿ ಬಿರುಕುಗಳು ತುಂಬಬೇಕು, ಅಲ್ಲಿಯವರೆಗೆ ಹೇಳಲಾಗದು ಎಂದರು.

"ನಮ್ ದುಡ್ಡಲ್ಲಿ ನಮ್ ನೀರು ಖಾಲಿ ಮಾಡಿ, ಖಾಲಿ ಆಗೈತೆ ಅಂತ ಕಂಡುಹಿಡಿದ್ಲು" ಎಂದಳು ಜಯಮ್ಮ. ಸಂಶೋಧನೆಯ ಸಾರಾಂಶವನ್ನು ಇಷ್ಟು ಚಿಕ್ಕದಾಗಿ ಬರೆಯಲು ನನ್ನಿಂದ ಈವರೆಗೂ ಆಗಿಲ್ಲ.

ಈಗ ಬೀದಿಗೆ ಟ್ಯಾಂಕರ್ ಬಂದರೆ ನೀರು, ಬಾರದಿದ್ದರೆ ಇಲ್ಲ. ಜಯಮ್ಮ ಸೊಂಟ ಹಿಡಿದುಕೊಂಡು ಊರಾಚೆಯ ತೋಟದಿಂದ ಬಿಂದಿಗೆ ಹೊರುತ್ತಾಳೆ. ನಾನು ಎದುರು ಸಿಕ್ಕರೆ ನನ್ನ ಹಣೆಯನ್ನೊಮ್ಮೆ ನೋಡಿ ಮುಂದೆ ಹೋಗುತ್ತಾಳೆ. ಡ್ರಮ್ಮು ತಳ ಕಂಡ ದಿನ ಅಮ್ಮ ಶೀಲ್ಡನ್ನು ಒರೆಸಿ ಗೋಡೆಗೆ ನೇತುಹಾಕಿದಳು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಅವಳು ನನಗೆ ಈವರೆಗೆ ಕೊಟ್ಟಿಲ್ಲ.

ನೀರು ಮರಳುತ್ತಿದೆಯೇ ಎಂದು ದಿನಾ ಬೆಳಿಗ್ಗೆ ಅಳೆಯುವುದು ನನ್ನ ಈಗಿನ ಕೆಲಸ. ದೊಡ್ಡಪ್ಪನೂ ಬರುತ್ತಾನೆ. ಗರಿ ಬಾಗಿದ ತೆಂಗುಗಳ ಕಡೆ ಬೆನ್ನು ಮಾಡಿ ನಿಲ್ಲುತ್ತಾನೆ.

"ಕೂಗ್ತಾ?"

"ಇಲ್ಲ ದೊಡ್ಡಪ್ಪ."

"ನಾನು ಒಪ್ಪಲ್ಲ. ಇನ್ನೊಂದ್ಸಲ ಬಿಡು."

ಎದುರುತ್ತರ ಕೊಡದೆ ಟೇಪು ಬಿಡುತ್ತೇನೆ. ಎದುರಾಳಿಯೇ ಗೆಲ್ಲಲಿ ಎಂದು ಬೇಡಿಕೊಳ್ಳುತ್ತಾ, ಸುರುಳಿ ಮುಗಿಯುವವರೆಗೆ ಬಿಡುತ್ತೇನೆ.

ಟೇಪು ಕೂಗುವುದಿಲ್ಲ. ಈಗಲೂ ಗೆಲ್ಲುತ್ತಿರುವವಳು ನಾನೇ.